ಹನ್ನೆರಡರಲ್ಲಿ ಹನ್ನೊಂದು

ಹೋದ ತಿಂಗಳು ಕುಷ್ಟಗಿಯ ನಮ್ಮ ಬೀಜದ ಕಂಪನಿಯ ಆಫೀಸಿಗೆ ಒಂದು ಫೋನ್ ಬಂತು. ಆ ಕಡೆಯ ಹೆಣ್ಣುಮಗಳು ಒಂದು ಹೆಸರು ಹೇಳಿ, "ಅವರು ತೀರಿಕೊಂಡಾರ, ನಿಮ್ಮಲ್ಲಿ ಕೆಲಸ ಮಾಡಿದವರು, ಮಣ್ಣಿಗೆ ಬರೋರಿದ್ರ ಬರ್ರಿ" ಅಂದಳಂತೆ. ಫೋನ್ ಎತ್ತಿದ ಗುಮಾಸ್ತ ಹೊಸಬ. "ಆ ಹೆಸರಿನವರು ನಮ್ಮಲ್ಲಿ ಯಾರೂ ಇದ್ದಿಲ್ರಿ, ನಂಬರ್ ತಪ್ಪೈತಿ" ಎಂದು ಇಟ್ಟುಬಿಟ್ಟಿದ್ದ. ಸಂಜೆ ಚಹಾ ಕುಡಿಯುವಾಗ ಅದನ್ನೊಂದು ಮಾತಿಗೆ ಮಾತಾಗಿ ಹೇಳಿದ. ಹೆಸರು ಕೇಳಿದ್ದೇ ನಾನು ಲೋಟ ಕೆಳಗಿಟ್ಟೆ.

ಒಂಬತ್ತು ವರ್ಷ ಇದೇ ಅಂಗಳದಲ್ಲಿ ಕೂತು ಬೀಜ ಚಿವುಟಿದವರು ಅವರು. ಹಳೆಯ ಹೆಣ್ಣುಮಕ್ಕಳನ್ನೆಲ್ಲ ಕೇಳಿದೆ, ಯಾರಿಗೂ ಆ ಹೆಸರು ಗೊತ್ತಿಲ್ಲ. "ಖಾಲಾ ಹೋದ್ರು" ಅಂದ ಮೇಲೆ ಎಲ್ಲರೂ ಬಾಯಿಗೆ ಸೆರಗು ಹಚ್ಚಿದರು. ಎಲ್ಲರಿಗೂ ಅವರು ಖಾಲಾ, ಅಂದರೆ ಚಿಕ್ಕಮ್ಮ, ಅಷ್ಟೇ. ಹೆಸರು ಗೊತ್ತಿದ್ದವಳು ನಾನೊಬ್ಬಳು. ಅದು ನನಗೆ ಗೊತ್ತಾದದ್ದು ಒಂದು ಶನಿವಾರ ಮಧ್ಯಾಹ್ನ, ನನ್ನ ತಪ್ಪಿನಿಂದ.

ನನ್ನದಷ್ಟು ಮೊದಲು ಹೇಳಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟಿನ ಮಸಿ ಬಿಟ್ಟು ಪೆನ್ನು ಹಿಡಿದು ಸಹಿ ಮಾಡಿದ ಮೊದಲ ಕೈ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಲಬುರ್ಗಾ ಕಡೆಯ ಒಣಬೇಸಾಯದ ಊರು ನಮ್ಮದು. ಅವ್ವ ವರ್ಷಕ್ಕೆರಡು ಸಲ ಗುಂಪಿನ ಜೊತೆ ಶ್ರೀರಾಮನಗರದ ಕಡೆ ಭತ್ತದ ನಾಟಿಗೆ ಹೋಗುತ್ತಿದ್ದಳು. ಕಾಲುವೆಯ ದಂಡೆ ಮೇಲೆ ಕೂತು ನಾನು ಮಗ್ಗಿ ಬಾಯಿಪಾಠ ಮಾಡಿದ್ದೇನೆ. ಆಮೇಲೆ ಕೊಪ್ಪಳದ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತೇ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದೆ. ಬೀಜದ ಕಂಪನಿಯಲ್ಲಿ ಮೇಲ್ವಿಚಾರಕಿಯ ಕೆಲಸ ಸಿಕ್ಕಿತು. ಆರು ತಿಂಗಳು ನೋಡಿ ಕಾಯಂ ಮಾಡುವ ಕರಾರು. ಕೊರಳಲ್ಲಿ ನೇತಾಡುವ ಗುರುತಿನ ಚೀಟಿಯಲ್ಲಿ ನನ್ನ ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಅಚ್ಚಾಗಿತ್ತು. ಊಟಕ್ಕೆ ಕೂತಾಗಲೂ ಅದನ್ನು ತೆಗೆಯುತ್ತಿರಲಿಲ್ಲ.

ಮೊದಲ ದಿನ ಖಾಲಾ ಗೋಣಿತಟ್ಟಿನ ಮೇಲೆ ಕಾಲು ಚಾಚಿ ಕೂತಿದ್ದರು. ಮುಂದೆ ಹಾಗಲ ಬೀಜದ ರಾಶಿ, ಕೈಯಲ್ಲಿ ಉಗುರು ತೆಗೆಯುವ ನೇಲ್ ಕಟರ್. ಕಟ್, ಕಟ್ ಎಂದು ಒಂದೊಂದೇ ಬೀಜದ ಅಂಚು ಚಿವುಟಿ ಬಟ್ಟಲಿಗೆ ಹಾಕುತ್ತಿದ್ದರು.

"ಇದೇನು ಮಾಡಾಕತ್ತೀರಿ?" ಅಂದೆ.

"ಉಗುರು ತೆಗಿಯಾಕತ್ತೀನ್ರಿ ಮೇಡಂ. ಮದುವಿ ಐತಿ ಇವುಗಳದ್ದು."

ಸುತ್ತ ಕೂತವರು ನಕ್ಕರು. ನನಗೆ ಸಿಟ್ಟು ಬಂತು. ಬೀಜದ ಹೊರಕವಚ ಒಳಗಿನ ಭ್ರೂಣವನ್ನು ರಕ್ಷಿಸುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಬರೆದು ಎರಡಕ್ಕೆ ಎರಡು ಅಂಕ ತೆಗೆದುಕೊಂಡವಳು. ಕವಚ ಒಡೆದರೆ ಬೀಜ ಕೊಳೆಯುವುದಿಲ್ಲವೇ ಎಂದು ಕೇಳಿದೆ.

ಖಾಲಾ ಕೈ ನಿಲ್ಲಿಸದೆ ಹೇಳಿದರು: "ರಕ್ಷಣಾ ಮಾಡ್ತೈತಿ, ಖರೇ ಐತಿ ನಿಮ್ಮ ಮಾತು. ಭಾಳ ರಕ್ಷಣಾ ಮಾಡೋ ತಾಯಿ ಇರ್ತಾಳಲ್ರಿ, ಮಗಳನ್ನ ಹೊಸ್ತಿಲಾ ದಾಟಾಕ ಬಿಡಂಗಿಲ್ಲ. ಹಾಗಲದ ಸಿಪ್ಪಿ ಅಂಥಾದ್ದು. ನಿಮ್ಮನ್ನ ಸಾಲಿಗೆ ಕಳಿಸಿದ್ರಲ್ಲ ನಿಮ್ಮವ್ವ, ಆಕಿ ಒಂದೀಟು ಚಿವುಟಿದ್ದಕ್ಕ ನೀವು ಹೊರಗ ಬಂದ್ರಿ."

ಆಮೇಲೆ ಒಂದು ಕೆಟ್ಟ ಬೀಜ ಹುಡುಕಿ ತೆಗೆದು ನನ್ನ ಅಂಗೈಯಲ್ಲಿ ಒಡೆದು ತೋರಿಸಿದರು. ಮೊದಲು ಕಂದು ಬಣ್ಣದ ಗಟ್ಟಿ ಕವಚ. ಅದರೊಳಗೆ ಈರುಳ್ಳಿಯ ಒಳಪದರದಂಥ ತೆಳುವಾದ ಪೊರೆ. ಅದರೊಳಗೆ ಎರಡು ಬೇಳೆ, ಬೇಳೆಗಳ ತುದಿಗೆ ಸೂಜಿಮೊನೆಯಷ್ಟು ಬೇರಿನ ಮೂತಿ. "ಈ ಮೂತಿ ಮೂಗಿನ ಕಡೆ ಇರ್ತೈತಿ. ಅದಕ್ಕ ಮೂಗು ಕತ್ತರಿಸಬಾರದು, ಭುಜ ಚಿವುಟಬೇಕು. ಹೊರಗಿನ ಸಿಪ್ಪಿ ಬಿರಿಬೇಕು, ಒಳಗಿನ ಪೊರಿಗೆ ಗಾಯ ಆಗಬಾರದು. ಪೊರಿ ತಾನ ಬಿಟ್ಟುಕೊಡಬೇಕು." ಎಷ್ಟು ಒತ್ತಬೇಕು ಅಂತ ಹೇಗೆ ತಿಳಿಯುತ್ತದೆ ಅಂದದ್ದಕ್ಕೆ ನನ್ನ ಕೈ ಹಿಡಿದು ಮಣಿಕಟ್ಟಿನ ಮೇಲೆ ಹೆಬ್ಬೆರಳು ಒತ್ತಿ, "ಎರಡು-ನಾಲ್ಕಿನ ಬಳಿ ಅಳತಿ. ಬಲಗೈ ಒಂದು ನೂಲು ದಪ್ಪ. ಹಿಂಗ ಬೆರಳಿಗೆ ತಿಳಿತೈತಿ" ಅಂದರು.

ಅವರು ಬಳೆಗಾರರ ಮನೆಯ ಸೊಸೆ. ತವರು ಕಿನ್ನಾಳ. ಮದುವೆಯಾದ ಮೇಲೆ ಇಪ್ಪತ್ತು ವರ್ಷ ಗಂಡನ ಜೊತೆ ಯಲಬುರ್ಗಾ ಸುತ್ತಿನ ಹಳ್ಳಿಗಳಲ್ಲಿ ಬಳೆ ಇಟ್ಟವರು. ಬಿಗಿ ಕೈಗೆ ಗಾಜಿನ ಬಳೆ ಏರಿಸುವುದೆಂದರೆ ಎಲುಬು ಎಲ್ಲಿ ಮಣಿಯುತ್ತದೆ, ಗಾಜು ಎಲ್ಲಿ ಒಡೆಯುತ್ತದೆ ಎರಡನ್ನೂ ಒಂದೇ ಬೆರಳಿನಲ್ಲಿ ತಿಳಿಯುವುದು. "ಕೈ ಬಿಗಿ ಹಿಡದಾಕಿನ್ನ ನಾ ಮಾತಿಗೆ ಎಳೀತಿದ್ದೆ. ಅತ್ತಿ ಸುದ್ದಿ ಕೇಳಿದ್ರ ಸಾಕು, ಎಂಥಾ ಕೈನೂ ಸಡಲ ಆಗ್ತಿತ್ತು" ಎನ್ನುತ್ತಿದ್ದರು. ಗಂಡ ಹೋದ ಮೇಲೆ ಬಳೆಯ ಪೆಟ್ಟಿಗೆ ಮುಚ್ಚಿ, ಮಗಳನ್ನು ಕಟ್ಟಿಕೊಂಡು ಕುಷ್ಟಗಿಗೆ ಬಂದು ಈ ತಟ್ಟಿನ ಮೇಲೆ ಕೂತಿದ್ದರು.

ಮುಂಜಾನೆ ಎಲ್ಲರಿಗಿಂತ ಮೊದಲು ಬರುತ್ತಿದ್ದರು. ಬಂದವರೇ ಸಸಿ ಟ್ರೇಗಳ ಮೇಲೆ ಬಾಗುತ್ತಿದ್ದರು. ಕೆಲವು ಸಸಿ ಮಣ್ಣಿನಿಂದ ಮೇಲೆದ್ದರೂ ಬೀಜದ ಕವಚ ಟೊಪ್ಪಿಗೆಯ ಹಾಗೆ ತಲೆಯ ಮೇಲೇ ಉಳಿದಿರುತ್ತದೆ. ಎಲೆ ಬಿಚ್ಚಲಾಗದೆ ಸಸಿ ಹಳದಿಯಾಗುತ್ತದೆ. ಖಾಲಾ ಬೆರಳ ತುದಿಯಿಂದ ಒಂದು ಹನಿ ನೀರು ಅದರ ಮೇಲೆ ಬಿಟ್ಟು ಮುಂದೆ ಹೋಗುತ್ತಿದ್ದರು. ಸಾಲು ಮುಗಿಸಿ ತಿರುಗಿ ಬರುವಷ್ಟರಲ್ಲಿ ಅದು ಮೆತ್ತಗಾಗಿರುತ್ತಿತ್ತು. ಆಗ ಎರಡು ಬೆರಳಲ್ಲಿ ಹಿಡಿದು, ಎಳೆಯದೆ, ತಿರುವಿ ತೆಗೆಯುತ್ತಿದ್ದರು. ನಾನು ಒಮ್ಮೆ ಅವಸರಕ್ಕೆ ಒಣಗಿದ್ದನ್ನೇ ಎಳೆದೆ. ಟೊಪ್ಪಿಗೆಯ ಜೊತೆ ಎರಡೂ ಎಲೆ ಕಿತ್ತು ಬಂದವು. ಖಾಲಾ ಅದನ್ನು ನೋಡಿ ಮುಂದಿನ ಸಸಿಗೆ ಹನಿ ಬಿಟ್ಟರು. ಪಕ್ಕದಲ್ಲಿದ್ದ ಹುಲಿಗೆಮ್ಮ ಬಿಡಬೇಕಲ್ಲ. ಆಕೆ ಆ ಹೆಣ್ಣುಮಕ್ಕಳ ಗುಂಪಿಗೆ ಮುಂದಾಳು. "ಡಿಗ್ರಿ ಮೇಡಂ ಟೊಪ್ಪಿಗಿ ತೆಗಿ ಅಂದ್ರ ತಲಿನ ತೆಗದ್ರು" ಅಂದಳು. ಆ ಹೆಸರು ನನಗೆ ಅಲ್ಲಿಂದ ಅಂಟಿತು.

ಇನ್ನು ಆ ಶನಿವಾರಕ್ಕೆ ಕಾರಣವಾದ ಅರವತ್ತು ಬೀಜದ ಸಂಗತಿ.

ನಮ್ಮಲ್ಲಿ ಬೆಳೆಯುವುದು ಹೈಬ್ರಿಡ್ ಬೀಜ. ಗಂಡು ಬಳ್ಳಿ ಬೇರೆ ತಳಿ, ಹೆಣ್ಣು ಬಳ್ಳಿ ಬೇರೆ ತಳಿ. ನೆರಳುಬಲೆಯ ಮನೆಯೊಳಗೆ ಹೆಣ್ಣುಮಕ್ಕಳು ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಕೈಯಿಂದ ಮುಟ್ಟಿಸುತ್ತಾರೆ. ಗಂಡು ಬಳ್ಳಿ ನಿಧಾನ, ಅದನ್ನು ಹನ್ನೆರಡು ದಿನ ಮೊದಲೇ ಹಾಕಬೇಕು. ಆ ಚಳಿಗಾಲ ಕೊಪ್ಪಳದಿಂದ ದೊಡ್ಡ ಸಾಹೇಬರು ತಾವೇ ಒಂದು ಪೊಟ್ಟಣ ತಂದು ನನ್ನ ಕೈಯಲ್ಲಿಟ್ಟರು. ಗಂಡು ಹಾಗಲದ ಅರವತ್ತು ಬೀಜ. "ಬ್ಯಾರೆ ಪೊಟ್ಟಣ ಇಲ್ಲವಾ. ಇವು ಹುಟ್ಟಿದ್ರ ಈ ಸಲ ಪ್ಲಾಟ್ ಐತಿ, ಇಲ್ಲಂದ್ರ ಇಲ್ಲ. ಇಪ್ಪತ್ತೆರಡು ಹೆಣ್ಣುಮಕ್ಕಳಿಗೆ ಬ್ಯಾಸಿಗಿ ತನಕ ಕೆಲಸಾನೂ ಇಲ್ಲ" ಎಂದರು. ಇನ್ನೊಂದು ಮಾತನ್ನು ಹೇಳಲೇ ಇಲ್ಲ, ಅದು ನನಗೆ ಗೊತ್ತಿತ್ತು. ಈ ಬೀಜ ಗೇಟು ದಾಟಬಾರದು. ಇದು ಬೇರೆಯವರ ಕೈ ಸೇರಿದರೆ ತಳಿಯೇ ಹೋದಂತೆ. ಹಿಂದಿನ ವರ್ಷ ಒಬ್ಬಳ ಮುಡಿಯ ಹೂವಿನಲ್ಲಿ ಎರಡು ಬೀಜ ಸಿಕ್ಕಿದ್ದವಂತೆ. ತಾವೇ ಸಿಡಿದು ಬಿದ್ದವು ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಅವತ್ತೇ ಅವಳನ್ನು ಕಳಿಸಿದ್ದರು.

ಸೋಮವಾರ ಪೊಟ್ಟಣ ಒಡೆದು ಎಣಿಸಿ ಖಾಲಾ ಮುಂದೆ ಇಟ್ಟೆ. "ಚಿವುಟ್ರಿ. ಚಿವುಟಿದ ಮ್ಯಾಲ ರಾತ್ರಿಯೆಲ್ಲ ನೀರಾಗ ನೆನಿಲಿ. ನಾಳೆ ಟ್ರೇಗೆ ಹಾಕೋಣ" ಅಂದೆ.

ಅದು ನನ್ನ ಪುಸ್ತಕದಲ್ಲಿ ಇದ್ದದ್ದಲ್ಲ. ಮನೆಯಿಂದ ಬಂದದ್ದು. ಅವ್ವನ ಹಿಂದೆ ಭತ್ತದ ಸೀಮೆಗೆ ಹೋಗಿ ಬಂದು ಬೆಳೆದವಳು ನಾನು. ಭತ್ತವನ್ನು ಒಂದು ದಿನ ನೀರಲ್ಲಿ ಮುಳುಗಿಸಿ, ಎರಡು ದಿನ ಚೀಲದಲ್ಲಿ ಕಟ್ಟಿಟ್ಟರೆ ಚೀಲದ ಕಣ್ಣುಗಳಿಂದ ಬಿಳಿ ಮೊಳಕೆ ಇಣುಕುವುದನ್ನು ನೋಡಿದ ಕಣ್ಣು. ಅವ್ವನ ಬುದ್ಧಿ, ಮೇಲೆ ನನ್ನ ಡಿಗ್ರಿ, ಎರಡೂ ಸೇರಿದ ಮೇಲೆ ತಪ್ಪಲು ಹೇಗೆ ಸಾಧ್ಯ ಅಂದುಕೊಂಡಿದ್ದೆ.

ಖಾಲಾ ನೇಲ್ ಕಟರ್ ಕೆಳಗಿಟ್ಟರು. "ನೆನಿ ಹಾಕಬ್ಯಾಡ್ರಿ ಮೇಡಂ. ಚಿವುಟಿದ ಮ್ಯಾಲ ನೀರಾಗ ಮುಳುಗಿಸೋದಂದ್ರ ಬಾಗಲಾ ತಗದು ಹೊಳಿ ಒಳಗ ಬಿಟ್ಟಂಗ. ಸಿಪ್ಪಿ ನೀರು ಕುಡದು ಹಿಡ್ಕೊಂಡ ಬಿಡ್ತೈತಿ. ಒಳಗ ಕೂಸಿಗೆ ಉಸಿರು ಸಿಗಂಗಿಲ್ಲ. ಮ್ಯಾಲ ಚಳಿ. ಒದ್ದಿ ಅರಿವ್ಯಾಗ ಸುತ್ತಿ ಬೆಚ್ಚಗ ಇಡೋಣು."

"ಎಲ್ಲಾ ಬೀಜ ನೀರು ಕುಡದ ಹುಟ್ಟೋದು ಖಾಲಾ. ನಾ ಓದಿ ಬಂದೀನಿ."

"ಓದೀರಿ. ನಾ ಇಲ್ಲಂದಿಲ್ಲ."

"ಹಂಗಾರ ಹಾಕ್ರಿ."

ಅವರು ನೇಲ್ ಕಟರ್ ಮತ್ತೆ ಕೈಗೆ ತೆಗೆದುಕೊಂಡರು. ಆಮೇಲೆ ಬಾಗಿ ಮೊದಲ ಬೀಜ ಎತ್ತಿಕೊಂಡರು.

ಮಂಗಳವಾರ ಖಾಲಾ, ಹುಲಿಗೆಮ್ಮ ಇಬ್ಬರೂ ಕೂತು ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ ಬೀಜ ಹಾಕಿದರು. ಅರವತ್ತು ಗುಳಿಯ ಮೇಲೂ ಪುಡಿ ಮುಚ್ಚಿದ್ದನ್ನು ನಾನು ನಿಂತು ಎಣಿಸಿ ರಿಜಿಸ್ಟರಿನಲ್ಲಿ ಬರೆದೆ. ಬುಧವಾರ ನೋಡಿದೆ, ಗುರುವಾರ ನೋಡಿದೆ. ಶುಕ್ರವಾರ ಸಾಹೇಬರು ಫೋನ್ ಮಾಡಿ "ಏನವಾ?" ಅಂದರು. "ಚಳಿ ಐತ್ರಿ ಸರ್, ಇವತ್ತು ನಾಳೆ ಏಳ್ತಾವು" ಅಂದೆ. ಆ ದಿನ ಟ್ರೇಯ ಹತ್ತಿರ ಬಾಗಿದರೆ ಹುಳಿಯಾದ ವಾಸನೆ. ಖಾಲಾ ದೂರದಲ್ಲಿ ಕೂತು ಬೇರೆ ಬೀಜ ಚಿವುಟುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬೈದುಬಿಡುತ್ತಿದ್ದೆ.

ಶನಿವಾರ ಮುಂಜಾನೆ ಯಾರೂ ಬರುವ ಮೊದಲೇ ಹೋಗಿ, ಒಂದು ಕಡ್ಡಿ ಹಿಡಿದು ಗುಳಿ ಕೆದರಿದೆ. ಮೊದಲ ಬೀಜ ಬೆರಳ ನಡುವೆ ಮೆತ್ತಗೆ ಒಡೆಯಿತು. ಒಳಗಿನ ಬೇಳೆ ಗಂಜಿಯಾಗಿತ್ತು. ಎರಡನೆಯದೂ ಹಾಗೆ. ಹತ್ತನೆಯದಕ್ಕೆ ಕಡ್ಡಿ ಬಿಟ್ಟು ಬೆರಳಿನಿಂದಲೇ ಕೆದರತೊಡಗಿದೆ. ನಲವತ್ತೆಂಟು ಬೀಜ ಕೊಳೆತಿದ್ದವು. ಉಳಿದ ಹನ್ನೆರಡು ಗುಳಿಯಲ್ಲಿ ಬೀಜವೇ ಇರಲಿಲ್ಲ. ಮೂರು ಸಲ ಕೆದರಿದೆ. ಬರೀ ನಾರಿನ ಪುಡಿ.

ನಿಜ ಹೇಳುತ್ತೇನೆ. ಆ ಹನ್ನೆರಡು ಖಾಲಿ ಗುಳಿ ಕಂಡಾಗ ನನ್ನ ಒಳಗೆ ಒಂದು ಹಗುರವೂ ಆಯಿತು. ನಲವತ್ತೆಂಟು ನನ್ನ ತಪ್ಪು. ಹನ್ನೆರಡು ಬೇರೆ ಯಾರದೋ ತಪ್ಪು. ಸಾಹೇಬರಿಗೆ ಫೋನ್ ಮಾಡಿ ಮೊದಲು ಹೇಳಿದ್ದೇ ಎರಡನೆಯದನ್ನು.

"ಸರ್, ಹನ್ನೆರಡು ಗಂಡು ಬೀಜ ಕಾಣವಲ್ವು."

ಆ ಕಡೆ ಕುರ್ಚಿ ಸರಿದ ಸಪ್ಪಳ. ಆಮೇಲೆ, "ಎಲ್ಲಾರೂ ಒಳಗ ಬಂದ ಮ್ಯಾಲ ಗೇಟು ಹಾಕಸು. ಒಬ್ಬರನ್ನೂ ಹೊರಗ ಬಿಡಬ್ಯಾಡ. ನಾ ಬರಾಕತ್ತೀನಿ."

ಅವರು ಬಂದಾಗ ಮಧ್ಯಾಹ್ನವಾಗಿತ್ತು. ಅಷ್ಟರಲ್ಲಿ ಇಪ್ಪತ್ತೆರಡು ಹೆಣ್ಣುಮಕ್ಕಳಿಗೂ ಸುದ್ದಿ ಗೊತ್ತಾಗಿ ಯಾರೂ ಬುತ್ತಿ ಬಿಚ್ಚಿರಲಿಲ್ಲ. ಸಾಹೇಬರು ಟ್ರೇ ನೋಡಿದರು, ಮೂಸಿ ನೋಡಿದರು. ತಗಡಿನ ಕೋಣೆ ತೋರಿಸಿ, "ಒಬ್ಬೊಬ್ಬರನ್ನ ಕರಕೊಂಡು ಹೋಗಿ ನೋಡು. ಆಫೀಸಿನವರೊಳಗ ಹೆಣ್ಣುಮಗಳು ಅಂದ್ರ ನೀ ಒಬ್ಬಾಕಿನ ಇದ್ದಿ" ಅಂದರು.

ಹೆಂಗಸರ ಸೀರೆ ಕೊಡವಿ ನೋಡುವ ಕೆಲಸ ಅಂದು ನಾನು ಮಾಡಿದೆ. ಬುತ್ತಿಗಂಟು, ಎಲೆ-ಅಡಿಕೆಯ ಸಂಚಿ, ತುರುಬು, ಸೆರಗು. ಹುಲಿಗೆಮ್ಮ ಒಳಗೆ ಬಂದವಳೇ ಕೈ ಎರಡೂ ಅಗಲಿಸಿ ನಿಂತಳು. "ನೋಡವಾ. ನಮ್ಮ ಸೀರಿ ನೆರಗಿ ಎಣಸಾಕ ಎಷ್ಟು ವರ್ಷ ಓದಬೇಕಾತು ನಿನಗ?" ಮೇಡಂ ಎಂಬುದು ಬಿದ್ದುಹೋಗಿತ್ತು. ನಾಟಿಯ ಗುಂಪಿನಲ್ಲಿ ನಮ್ಮವ್ವ ಉಡುತ್ತಿದ್ದಂಥದೇ ಸೀರೆ ಅವಳದು. ನಾನು ತಲೆ ಎತ್ತಲಿಲ್ಲ.

ಖಾಲಾ ಕೊನೆಯವರು. ಸಂಚಿಯನ್ನು ತಾವೇ ಬಿಚ್ಚಿ ಕೊಟ್ಟರು. ಅದರಲ್ಲಿ ಏನೂ ಇರಲಿಲ್ಲ. ಸೊಂಟದ ಹತ್ತಿರ ಕೈ ಹಾಕಿದೆ. ಬೆಚ್ಚಗಿನ, ಹಸಿಯಾದ ಒಂದು ಸಣ್ಣ ಗಂಟು ಕೈಗೆ ಹತ್ತಿತು. ನನ್ನ ಬೆರಳು ಅದರ ಮೇಲೆ ಬಿಗಿಯಾಯಿತು.

"ಮೆಲ್ಲಗ, ಬೇಟಿ" ಅಂದರು ಖಾಲಾ. "ಬೇರು ಮುರದಾವು."

ಬೇಟಿ, ಅಂದರೆ ಮಗಳು, ಎಂದು ಅವರು ನನ್ನನ್ನು ಕರೆದದ್ದು ಅದೇ ಮೊದಲು. ಗಂಟನ್ನು ತಾವೇ ತೆಗೆದು ಅಂಗೈಯಲ್ಲಿ ಬಿಚ್ಚಿದರು. ಹಳೆಯ ಬಿಳಿ ಪಂಚೆಯ ತುಂಡು, ಹಿಂಡಿದಷ್ಟು ಹಸಿ. ಒಳಗೆ ಸಾಲಾಗಿ ಬೀಜ. ಚಿವುಟಿದ ಭುಜ ಬಿರಿದು, ಪೊರೆ ಸರಿದು, ಒಂದೊಂದರಿಂದಲೂ ಅಕ್ಕಿ ಕಾಳಿನಷ್ಟು ಬಿಳಿ ಬೇರು ಹೊರಗೆ ಬಾಗಿತ್ತು. ಒಂದರಲ್ಲಿ ಮಾತ್ರ ಏನೂ ಇರಲಿಲ್ಲ.

"ಇದೊಂದು ನನ್ನ ತಪ್ಪು. ಜಾಸ್ತಿ ಒತ್ತಿದೆ, ಒಳಗಿನ ಮೂತಿ ಕಡಿದು ಹೋತು" ಅಂದರು.

ನಾನು ಹಲ್ಲು ಕಚ್ಚಿ ಮೆಲ್ಲಗೆ ಕೇಳಿದೆ: "ಯಾಕ ಹೇಳಲಿಲ್ಲ ಖಾಲಾ? ಐದು ದಿನ ನನ್ನ ಮುಂದ ಕುಂತಿದ್ರಿ."

"ಬೇರು ಕಾಣಲಾರದ ಏನಂತ ಬಾಯಿ ತಗೀಲಿ? ನಿನ್ನ ಓದಿನ ಮುಂದ ನನ್ನ ಬರೇ ಮಾತು ನಿಂದ್ರತಿತ್ತೇನು? ಇವತ್ತು ಮುಂಜಾನಿ ಕಂಡಾವು. ಬಂದು ಹೇಳಬೇಕಂದ್ರ ನೀ ಗೇಟು ಹಾಕಿಸಿ ನಿಂತಿದ್ದಿ."

"ರಾತ್ರಿ ಮನಿಗೆ ಒಯ್ದೀರಿ. ಗೇಟು ದಾಟಿಸೀರಿ."

"ರಾತ್ರಿ ಚಳಿ ಐತಿ. ಇಲ್ಲೇನು ಒಲಿ ಐತೇನು?"

ಹೊರಗೆ ಸಾಹೇಬರು ಕೆಮ್ಮಿದರು. ನನಗೆ ಉಳಿದಿದ್ದು ಒಂದೇ ದಾರಿ ಅನ್ನಿಸಿತು. ನಾನೇ ಈ ಹನ್ನೆರಡನ್ನು ಬೇರೆ ರೀತಿ ಮೊಳಕೆ ಕಟ್ಟಲು ಕೊಟ್ಟಿದ್ದೆ ಅಂದರೆ ಅವರು ಉಳಿಯುತ್ತಾರೆ. ಬೀಜ ಹೊರಗೆ ಕಳಿಸಿದ ತಪ್ಪು ನನ್ನ ಮೇಲೆ ಬರುತ್ತದೆ. ಕಾಯಂ ಆಗಲು ಇನ್ನು ಎರಡು ತಿಂಗಳಿತ್ತು. ಊರಲ್ಲಿ ಅಪ್ಪ ನನ್ನ ಗುರುತಿನ ಚೀಟಿಯ ಫೋಟೋವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕಿದ್ದ. ಆ ಫೋಟೋ ಕಣ್ಣ ಮುಂದೆ ಬಂತು. ಆದರೂ ಹೊರಗೆ ಹೋಗಿ ಹೇಳಿದೆ.

"ಸರ್, ಸಿಕ್ಕಾವು. ನಾನ ಕೊಟ್ಟಿದ್ದೆ ಖಾಲಾಗೆ. ಮರತಿದ್ದೆ."

ಸಾಹೇಬರು ನನ್ನ ಮುಖವನ್ನೇ ನೋಡಿದರು. "ನೀನ ಕೊಟ್ಟಿದ್ದಿ ಅಂದ್ರ ಮುಂಜಾನಿ ಫೋನ್ ಯಾಕ ಮಾಡಿದಿ?"

ಇಪ್ಪತ್ತೊಂದು ಹೆಣ್ಣುಮಕ್ಕಳೂ ಕೋಣೆಯ ಬಾಗಿಲ ಕಡೆ ತಿರುಗಿದರು. ಖಾಲಾ ಕೋಣೆಯ ಹೊಸ್ತಿಲು ದಾಟಿ, ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡೇ ಹೊರಗೆ ಬಂದರು.

"ಆಕಿ ಸುಳ್ಳು ಹೇಳಾಕತ್ತಾಳ್ರಿ ಸಾಹೇಬ್ರ. ರೂಢಿ ಇಲ್ಲ ಪಾಪ, ಕಿವಿ ನೋಡ್ರಿ ಹೆಂಗ ಕೆಂಪಗಾಗ್ಯಾವು. ಆಕಿ ಎಲ್ಲಾನೂ ನೆನಿ ಹಾಕು ಅಂದ್ಲು. ನೀರಿಗೆ ಹಾಕೂ ಮೊದಲ ನಾ ಹನ್ನೆರಡು ತಗದಿಟ್ಟೆ. ಕೇಳಲಾರದ ತಗದೆ, ಮನಿಗೆ ಒಯ್ದೆ, ಒಲಿ ಮಗ್ಗಲಾ ಇಟ್ಟೆ. ಕಳವು ಅನ್ನಂಗಿದ್ರ ಕಳವು ಅಂತ ಬರಕೋರಿ." ಅಷ್ಟು ಹೇಳಿ ಅಂಗೈ ಮುಂದೆ ಚಾಚಿದರು. "ಆದ್ರ ಹುಟ್ಟಿಸಿದಾಕಿ ನಾನು ಅಂತಾನೂ ಬರೀರಿ. ಅದನ್ನ ಈಕಿ ಹೆಸರಿಗೆ ಹಚ್ಚಬ್ಯಾಡ್ರಿ."

ನಾನು ಅವರನ್ನು ಉಳಿಸಲು ಹೊರಟಿದ್ದೆ. ನನ್ನ ಸುಳ್ಳು ಅವರ ಹನ್ನೊಂದು ಬೇರನ್ನು ನನ್ನ ಹೆಸರಿಗೆ ಬರೆದುಕೊಳ್ಳುತ್ತಿತ್ತು ಎಂಬುದು ಆ ಗಳಿಗೆಯವರೆಗೆ ನನಗೆ ಹೊಳೆದಿರಲಿಲ್ಲ.

"ಅವ್ರು ಹೇಳಿದ್ದು ಖರೇ ಐತ್ರಿ ಸರ್" ಅಂದೆ. "ಬ್ಯಾಡ ಅಂದಿದ್ರು. ನೆನಿ ಹಾಕಿಸಿದಾಕಿ ನಾನು. ನಲವತ್ತೆಂಟೂ ನನ್ನಿಂದ ಹೋಗ್ಯಾವು."

ಸಾಹೇಬರು ಆ ಬಟ್ಟೆಯ ಮೇಲೆ ಬಾಗಿದರು. ಎಣಿಸಿದರು. ಬಿಸಿಲು ತಲೆಯ ಮೇಲಿತ್ತು. ಖಾಲಾ ತಾವೇ ಅವಸರ ಮಾಡಿದರು. "ಆಮ್ಯಾಲ ಸಿಟ್ಟಾಗ್ರಿ. ಬೇರಿಗೆ ಬಿಸಲು ಬಡದ್ರ ಇವೂ ಹೋಗ್ತಾವು. ಹುಲಿಗೆಮ್ಮಾ, ಕಾಗದದ ಕಪ್ಪು ತಾ. ಸಾಹೇಬ್ರ, ಇದನ್ನ ಹಿಡೀರಿ ಒಂದೀಟು. ಅಲುಗಾಡಿಸಬ್ಯಾಡ್ರಿ."

ದೊಡ್ಡ ಸಾಹೇಬರು ಎರಡೂ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಅಲುಗಾಡದೆ ನಿಂತರು. ಖಾಲಾ ಒಂದೊಂದೇ ಬೀಜವನ್ನು ಬಳೆ ಎತ್ತುವ ಹಾಗೆ ಎರಡು ಬೆರಳ ತುದಿಯಲ್ಲಿ ಎತ್ತಿ, ಬೇರು ಕೆಳಗೆ ಮಾಡಿ, ಕಾಗದದ ಕಪ್ಪಿನಲ್ಲಿ ಕೂಡಿಸಿ, ಮೇಲೆ ಚಿಟಿಕೆ ಪುಡಿ ಉದುರಿಸಿದರು. ಹನ್ನೊಂದು ಕಪ್ಪು.

ಕೆಲಸ ಮುಗಿದ ಮೇಲೆ ಸಾಹೇಬರು ಕೈ ಒರೆಸಿಕೊಂಡು ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. "ಖಾಲಾ, ಬೀಜ ಗೇಟು ದಾಟ್ಯಾವು. ಎರಡು ಬೀಜಕ್ಕ ಒಬ್ಬಾಕಿನ್ನ ಬಿಡಿಸೀನಿ. ನಿಮ್ಮನ್ನ ಇಟಗೊಂಡ್ರ ಆಕಿಗೆ ನಾ ಏನು ಹೇಳಲಿ? ಈ ಸಲ ಬರಬ್ಯಾಡ್ರಿ."

"ಆತ್ರಿ" ಅಂದರು ಖಾಲಾ. ಹುಲಿಗೆಮ್ಮ ಮಾತ್ರ ಎಲ್ಲರಿಗೂ ಕೇಳುವ ಹಾಗೆ, "ಹುಟ್ಟಿಸಿದಾಕಿ ಹೊರಗ, ಕೊಳೆಸಿದಾಕಿ ಒಳಗ" ಅಂದಳು.

ಹನ್ನೊಂದೂ ಎದ್ದವು. ಎರಡು ಸಸಿಗೆ ಟೊಪ್ಪಿಗೆ ಉಳಿದಿತ್ತು. ಹನಿ ನೀರು ಬಿಟ್ಟು, ಸಾಲು ಸುತ್ತಿ ಬಂದು, ತಿರುವಿ ತೆಗೆದೆ. ಆ ಬೇಸಿಗೆ ಪ್ಲಾಟು ನಿಂತಿದ್ದು ಹನ್ನೊಂದು ಗಂಡು ಬಳ್ಳಿಯ ಮೇಲೆ. ಒಂದು ಗಂಡು ಹೂವನ್ನು ಆರು ಹೆಣ್ಣು ಹೂವಿಗೆ ಮುಟ್ಟಿಸಿ ಸಾಲದ್ದನ್ನು ಸಾಕುಮಾಡಿದರು ನಮ್ಮ ಹೆಣ್ಣುಮಕ್ಕಳು. ಇಪ್ಪತ್ತೊಂದು ಜನ ಕೆಲಸಕ್ಕೆ ಬಂದರು. ತಟ್ಟಿನ ಮೇಲೆ ಒಂದು ಜಾಗ ಖಾಲಿ ಇತ್ತು, ಅಲ್ಲಿ ಯಾರೂ ಕೂರಲಿಲ್ಲ. ನನಗ್ಯಾರೂ ಕೂರಬೇಡ ಅಂದಿರಲಿಲ್ಲ, ನಾನೂ ಕೂರಲಿಲ್ಲ. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು. ಕಾಯಂ ಆಗುವುದು ಆರು ತಿಂಗಳು ಮುಂದೆ ಹೋಯಿತು. ಮುಂದಿನ ಚಳಿಗಾಲ ಸಾಹೇಬರೇ, "ಆಕಿನ್ನ ಕರಕೊಂಡು ಬಾ. ಒಂದು ಒಲಿನೂ ಹಾಕಸು ಇಲ್ಲೇ" ಅಂದರು. ಆ ಒಲೆ ಈಗಲೂ ಇದೆ, ತಗಡಿನ ಕೋಣೆಯಲ್ಲಿ. ಕಣ್ಣಿಗೆ ಪೊರೆ ಬರುವ ತನಕ ಖಾಲಾ ಅದರ ಮಗ್ಗುಲಲ್ಲಿ ಬೀಜ ಕಟ್ಟಿದರು. ಆಮೇಲೆ ಗಂಗಾವತಿಗೆ, ಮಗಳ ಮನೆಗೆ ಹೋದರು.

ಫೋನ್ ಬಂದ ಮರುದಿನ ನಾನೂ ಹುಲಿಗೆಮ್ಮನೂ ಗಂಗಾವತಿಗೆ ಹೋದೆವು. ಮಣ್ಣು ಮುಗಿದಿತ್ತು. ಮಗಳು ನನ್ನನ್ನು ನೋಡಿ, "ರಿಜಿಸ್ಟರ್ ಮೇಡಂ ಅಂದ್ರ ನೀವೇನ್ರಿ?" ಅಂದಳು. ಮನೆಯಲ್ಲಿ ನನಗೆ ಅವರು ಇಟ್ಟಿದ್ದ ಹೆಸರು ಅದಂತೆ. ಡಿಗ್ರಿ ಮೇಡಂ ಅಲ್ಲ.

ಅದು ಯಾಕೆಂದು ಹೇಳಲು ಆ ಶನಿವಾರದ್ದು ಇನ್ನೂ ಒಂದಿಷ್ಟು ಉಳಿದಿದೆ. ಸಾಹೇಬರ ಜೀಪು ಹೋದ ಮೇಲೆ ಖಾಲಾ ಬುತ್ತಿಗಂಟು ಹಿಡಿದು ಗೇಟಿಗೆ ಹೋಗಲಿಲ್ಲ. ಸೀದಾ ನನ್ನ ಮೇಜಿನ ಮುಂದೆ ಬಂದು ನಿಂತರು.

"ಬರಿ" ಅಂದರು.

ಮೊಳಕೆಯ ರಿಜಿಸ್ಟರ್ ತೆಗೆದೆ. ತಳಿ, ಹಾಕಿದ ದಿನ, ಬೀಜ ಎಷ್ಟು, ಹುಟ್ಟಿದ್ದೆಷ್ಟು. ಕೊನೆಗೆ ಎರಡು ಅಂಕಣ, ಮೊಳಕೆ ಕಟ್ಟಿದವರ ಹೆಸರು, ವಿದ್ಯಾರ್ಹತೆ. ಆ ಎರಡರಲ್ಲೂ ಅಲ್ಲಿಯ ತನಕ ನನ್ನ ಹೆಸರು, ನನ್ನ ಬಿ.ಎಸ್ಸಿ.ಯೇ ಸಾಲಾಗಿ ಇದ್ದವು, ಯಾರ ಕೈಯಿಂದ ಹುಟ್ಟಿದ್ದರೂ. ಮಂಗಳವಾರದ ಸಾಲಿನ ಅರವತ್ತನ್ನು ನಲವತ್ತೆಂಟು ಎಂದು ತಿದ್ದಿ, ಮುಂದೆ ಸೊನ್ನೆ ಬರೆದು, ನೆನೆಹಾಕಿ ಕೊಳೆಸಿದ್ದು ಎಂದು ಕಾರಣ ಬರೆದು, ನನ್ನ ಹೆಸರು ಹಾಕಿದೆ. ಕೆಳಗಿನ ಸಾಲಿಗೆ ಬಂದು ಪೆನ್ನು ನಿಂತಿತು. ಕೂಲಿಯ ಪಟ್ಟಿಯಲ್ಲಿ ಗುಂಪಿನ ಮುಂದಾಳು ಹುಲಿಗೆಮ್ಮನ ಹೆಸರೊಂದೇ ಇರುತ್ತಿತ್ತು. ಉಳಿದವರೆಲ್ಲ ತಲೆಯೆಣಿಕೆ.

"ಖಾಲಾ, ನಿಮ್ಮ ಹೆಸರೇನ್ರಿ?"

ಅವರು ಹೇಳಿದರು. ಬಿಡಿಸಿ ಬಿಡಿಸಿ ಹೇಳಿದರು, ತಂದೆಯ ಹೆಸರು ಸೇರಿಸಿ. ಬರೆದೆ. ಇಲ್ಲಿ ಬರೆಯುತ್ತಿಲ್ಲ. "ಈ ಪುಸ್ತಕದಾಗ ಇದ್ರ ಸಾಕು, ಊರಿಗೆಲ್ಲಾ ಹಂಚಬ್ಯಾಡ" ಅಂದಿದ್ದರು.

"ಮುಂದಿಂದು ಏನೈತಿ?"

"ಏನು ಓದೀರಿ ಅಂತ ಬರೀಬೇಕು."

"ಬಳಿಗಾರ್ತಿ ಅಂತ ಬರಿ."

ಅದನ್ನೂ ಬರೆದೆ. ಅವರು ಬಾಗಿ, ತಮಗೆ ಓದಲು ಬಾರದ ಆ ಸಾಲಿನ ಮೇಲೆ ಬೆರಳು ಇಟ್ಟರು. ಬೆರಳು ನಿಧಾನಕ್ಕೆ ಅಂಕಿಯ ಕಡೆ ಸರಿಯಿತು.

"ಎಷ್ಟು ಅಂತ ಬರದಿ?"

"ಹನ್ನೆರಡರಾಗ ಹನ್ನೊಂದು."

"ಹನ್ನೆರಡಂತ ಬರದಿಲ್ಲಲ್ಲ?"

"ಇಲ್ಲ ಖಾಲಾ."

"ಹಂಗಾರ ಛಲೋ" ಅಂದು ಬುತ್ತಿಗಂಟು ಎತ್ತಿಕೊಂಡು ಗೇಟಿನ ಕಡೆ ನಡೆದರು.